ಒಂದು ಕಮಾಂಡ್, ಒಂದು ಹೊಸ ಪ್ರಾಜೆಕ್ಟ್: ವೀಟ್ ನಿಮ್ಮ ಫೋಲ್ಡರಿನಲ್ಲಿ ಏನೇನು ಇಟ್ಟುಹೋಗುತ್ತದೆ?

ಹೊಸ ಫ್ರಂಟ್‌ಎಂಡ್ ಪ್ರಾಜೆಕ್ಟ್, ಅಂದರೆ ವೆಬ್‌ಸೈಟಿನ ಬ್ರೌಸರಿನಲ್ಲಿ ಓಡುವ ಭಾಗ, ಶುರು ಮಾಡುವವರು ಈಗ ಟರ್ಮಿನಲ್ ತೆರೆದು ಟೈಪ್ ಮಾಡುವುದು ಬಹಳ ಸಲ ಈ ಒಂದೇ ಸಾಲು:

ಎನ್‌ಪಿಎಂ ಕ್ರಿಯೇಟ್ ವೀಟ್@ಲೇಟೆಸ್ಟ್

ವೀಟ್ ಎಂದರೆ ನೀವು ಬರೆದ ಕೋಡನ್ನು ಬ್ರೌಸರಿಗೆ ಸಿದ್ಧಪಡಿಸಿ ಕೊಡುವ ಸಾಧನ. ಎನ್‌ಪಿಎಂ ಎಂದರೆ ಪ್ಯಾಕೇಜುಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಜಾವಾಸ್ಕ್ರಿಪ್ಟ್ ಕೋಡಿನ ಕಟ್ಟುಗಳನ್ನು, ಇಳಿಸಿಕೊಡುವ ಸಾಧನ. ಕಮಾಂಡುಗಳನ್ನೂ ಫೈಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಎಂಟರ್ ಒತ್ತಿದರೆ ನಾಲ್ಕಾರು ಪ್ರಶ್ನೆ ಬರುತ್ತವೆ, ಉತ್ತರ ಕೊಟ್ಟರೆ ಒಂದು ಫೋಲ್ಡರ್ ಸಿದ್ಧ. ಸರ್ವರ್ ಶುರುವಾದ ಮೇಲೆ ಬ್ರೌಸರಿನಲ್ಲಿ ಲೋಗೊ ಕಾಣುತ್ತದೆ, ಒತ್ತಿದಂತೆಲ್ಲ ಸಂಖ್ಯೆ ಏರುವ ಬಟನ್ ಕಾಣುತ್ತದೆ. ಅಲ್ಲಿಂದ ಎಲ್ಲರ ಕೈಯೂ ನೇರ ಹೋಗುವುದು ಆಪ್.ಜೆಎಸ್‌ಎಕ್ಸ್ ಎಂಬ ಫೈಲಿಗೆ. ಮಿಕ್ಕ ಹತ್ತು ಹನ್ನೆರಡು ಫೈಲುಗಳನ್ನು ತೆರೆದು ನೋಡುವವರು ಕಡಿಮೆ. ಮುಂದೊಂದು ದಿನ ಸೈಟ್ ಅಪ್‌ಲೋಡ್ ಮಾಡಿದಾಗ ಬಿಳಿ ಪುಟ ಮಾತ್ರ ಬರುತ್ತದೆ, ಇಲ್ಲವೇ ನಿಮ್ಮಲ್ಲಿ ಓಡುವ ಕೋಡ್ ಜೊತೆಗಾರರ ಲ್ಯಾಪ್‌ಟಾಪಿನಲ್ಲಿ ಓಡುವುದಿಲ್ಲ. ಕಾರಣ ಹುಡುಕುತ್ತ ಹೋದರೆ ಅದು ಸಿಗುವುದು ಆ ತೆರೆಯದ ಫೈಲುಗಳಲ್ಲೇ.

ಈ ಕಮಾಂಡಿನ ಹಿಂದೆ ಮಂತ್ರವೇನೂ ಇಲ್ಲ, ಅದು ಮಾಡುವ ಕೆಲಸ ಬಹುಪಾಲು ಫೈಲ್ ನಕಲು. ನಕಲು ಮುಗಿದ ಮರುಕ್ಷಣದಿಂದ ಅಲ್ಲಿರುವ ಪ್ರತಿ ಸಾಲಿಗೂ ನೀವೇ ಹೊಣೆ. ಹಾಗಾಗಿ ನಿಮ್ಮ ಮೊದಲ ಸಾಲು ಬರೆಯುವ ಮುನ್ನ ಬಂದಿರುವ ಅಷ್ಟನ್ನೂ ಒಮ್ಮೆ ಓದಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಒಂದು ಸಂಜೆಯ ಕೆಲಸ ಅಷ್ಟೇ. ಪುಟದ ಭಾಗಗಳನ್ನು ಕಟ್ಟಲು ಬಳಸುವ ರಿಯಾಕ್ಟ್ ಲೈಬ್ರರಿಯ ಟೆಂಪ್ಲೇಟನ್ನು, ಅಂದರೆ ಸಿದ್ಧ ಮಾದರಿಯನ್ನು, ಮುಂದಿಟ್ಟುಕೊಂಡು ಅದನ್ನೇ ಇಲ್ಲಿ ಮಾಡೋಣ.

ಎಂಟರ್ ಒತ್ತುವ ಮುನ್ನ

ಮೊದಲು ನೋಡ್ ಬೇಕು, ಅದು ಬ್ರೌಸರಿನ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ. ಎನ್‌ಪಿಎಂ ಅದರ ಜೊತೆಯಲ್ಲೇ ಬರುತ್ತದೆ. ನೋಡ್ ಇದ್ದರೆ ಸಾಲದು, ಯಾವ ಆವೃತ್ತಿ ಎಂಬುದೂ ಮುಖ್ಯ. 2025ರಲ್ಲಿ ಬಂದ ವೀಟ್‌ನ ಏಳನೆಯ ಆವೃತ್ತಿಗೆ ನೋಡ್ 20.19 ಅಥವಾ 22.12, ಇಲ್ಲವೇ ಅದಕ್ಕಿಂತ ಹೊಸದು ಬೇಕು. ಉಬುಂಟು 22.04ರಲ್ಲಿ ಅದರದೇ ಇನ್‌ಸ್ಟಾಲ್ ಸಾಧನವಾದ ಏಪಿಟಿ ಮೂಲಕ ನೋಡ್ ಹಾಕಿಕೊಂಡರೆ ಸಿಗುವುದು 12ನೆಯ ಆವೃತ್ತಿ. ಅದರಲ್ಲಿ ಮೇಲಿನ ಕಮಾಂಡ್ ಓಡಿಸಿದರೆ ಬರುವ ಎರರ್ ನೋಡಿ ಹೊಸಬರು ತಾವೇ ಏನೋ ತಪ್ಪು ಟೈಪ್ ಮಾಡಿದೆವು ಅಂದುಕೊಳ್ಳುತ್ತಾರೆ. ಅವರ ತಪ್ಪೇನೂ ಇಲ್ಲ, ಹಳೆಯ ನೋಡ್‌ಗೆ ಹೊಸ ಜಾವಾಸ್ಕ್ರಿಪ್ಟ್ ಅರ್ಥವಾಗುತ್ತಿಲ್ಲ. ಎನ್‌ವಿಎಂ ಎಂಬ ಸಾಧನ ಹಾಕಿಕೊಂಡರೆ ಒಂದೇ ಕಂಪ್ಯೂಟರಿನಲ್ಲಿ ಹಲವು ನೋಡ್ ಆವೃತ್ತಿಗಳನ್ನು ಇಟ್ಟುಕೊಂಡು ಪ್ರಾಜೆಕ್ಟಿಗೆ ತಕ್ಕಂತೆ ಬದಲಿಸಬಹುದು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ 'ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ' ಎಂಬ ಕೆಂಪು ಸಾಲು ಬಂದರೆ ಗಾಬರಿ ಬೇಡ, ಅದು ವಿಂಡೋಸ್‌ನ ಸುರಕ್ಷತಾ ನಿಯಮ. ಸದ್ಯಕ್ಕೆ ಹಳೆಯ ಕಮಾಂಡ್ ಪ್ರಾಂಪ್ಟ್ ತೆರೆದು ಅದೇ ಸಾಲು ಕೊಟ್ಟರೆ ಕೆಲಸ ಸಾಗುತ್ತದೆ.

ಇನ್ನು ಕಮಾಂಡನ್ನೇ ಬಿಡಿಸಿ ನೋಡೋಣ. ಎನ್‌ಪಿಎಂ ಕ್ರಿಯೇಟ್ ಎನ್ನುವುದು ಎನ್‌ಪಿಎಂ ಇನಿಟ್ ಎಂಬುದರ ಇನ್ನೊಂದು ಹೆಸರು. 2018ರಲ್ಲಿ ಬಂದ ಎನ್‌ಪಿಎಂನ ಆರನೆಯ ಸರಣಿಯಿಂದ ಅದಕ್ಕೊಂದು ಹೊಸ ನಡಾವಳಿ ಸೇರಿತು. ಅದರ ಮುಂದೆ ಯಾವುದಾದರೂ ಹೆಸರು ಬರೆದರೆ, ಆ ಹೆಸರಿಗೆ 'ಕ್ರಿಯೇಟ್-' ಸೇರಿಸಿ, ಆ ಪ್ಯಾಕೇಜನ್ನು ಎನ್‌ಪಿಎಂ ಭಂಡಾರದಿಂದ ಇಳಿಸಿ, ಓಡಿಸುತ್ತದೆ. ಅಂದರೆ ನಾವು ಬರೆದದ್ದು ವೀಟ್, ಓಡುವುದು ಕ್ರಿಯೇಟ್-ವೀಟ್. ಎರಡೂ ಬೇರೆ ಬೇರೆ ಪ್ಯಾಕೇಜುಗಳು. ಕ್ರಿಯೇಟ್-ವೀಟ್ ಒಮ್ಮೆ ಓಡಿ ಮುಗಿಯುತ್ತದೆ, ನಿಮ್ಮ ಪ್ರಾಜೆಕ್ಟಿನಲ್ಲಿ ಅದರ ಗುರುತೂ ಉಳಿಯುವುದಿಲ್ಲ. ವೀಟ್ ಮಾತ್ರ ಪ್ರಾಜೆಕ್ಟ್ ಇರುವವರೆಗೂ ಜೊತೆಗಿರುತ್ತದೆ. ಈ ವ್ಯತ್ಯಾಸ ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ಹುಟ್ಟುವುದೇ ಇಲ್ಲ. ನಾಳೆ ಕ್ರಿಯೇಟ್-ವೀಟ್‌ನ ಟೆಂಪ್ಲೇಟ್ ಎಷ್ಟೇ ಸುಧಾರಿಸಿದರೂ ಆ ಸುಧಾರಣೆ ನಿಮ್ಮ ಫೋಲ್ಡರಿಗೆ ತಾನಾಗಿ ಬರುವುದಿಲ್ಲ. ವೀಟ್‌ನ ಹೊಸ ಆವೃತ್ತಿಯಾದರೆ ಅಪ್‌ಡೇಟ್ ಮಾಡಿಕೊಂಡಾಗ ಬರುತ್ತದೆ.

ಕೊನೆಗೆ ಸೇರಿಸಿದ @ಲೇಟೆಸ್ಟ್ ಕೂಡ ಅಲಂಕಾರಕ್ಕಲ್ಲ. ಹಿಂದೆಂದೋ ಇಳಿಸಿದ ಪ್ಯಾಕೇಜು ಎನ್‌ಪಿಎಂನ ಸಂಗ್ರಹದಲ್ಲಿ ಉಳಿದಿದ್ದರೆ, ಆವೃತ್ತಿ ಹೇಳದೆ ಹೋದಾಗ ಅದನ್ನೇ ಮತ್ತೆ ಓಡಿಸಿಬಿಡಬಹುದು. ಆಗ ಕಳೆದ ವರ್ಷದ ಟೆಂಪ್ಲೇಟ್ ಕೈಗೆ ಬರುತ್ತದೆ.

ಮೊದಲ ಸಲ ಓಡಿಸುವಾಗ ಎನ್‌ಪಿಎಂ ನಿಂತು ಕೇಳುತ್ತದೆ: ಇಂಥ ಪ್ಯಾಕೇಜು ಇಳಿಸಬೇಕಾಗಿದೆ, ಮುಂದುವರಿಯಲೇ? ಬೆರಳು ತಾನಾಗಿಯೇ ವೈ ಒತ್ತುವ ಜಾಗ ಇದು, ಮತ್ತು ಒಂದು ಕ್ಷಣ ನಿಲ್ಲಲೇಬೇಕಾದ ಜಾಗವೂ ಇದೇ. ಯಾರೋ ಬರೆದ ಪ್ರೋಗ್ರಾಂ ನಿಮ್ಮ ಕಂಪ್ಯೂಟರಿನಲ್ಲಿ, ನಿಮ್ಮ ಅಧಿಕಾರದಲ್ಲಿ ಓಡಲು ಹೊರಟಿದೆ. ಹೆಸರಿನಲ್ಲಿ ಒಂದು ಅಕ್ಷರ ಆಚೀಚೆಯಾದರೂ ಅದು ಬೇರೆಯವರ ಪ್ಯಾಕೇಜು ಆಗಬಹುದು. ಜನಪ್ರಿಯ ಹೆಸರುಗಳನ್ನೇ ಹೋಲುವ ಕೆಟ್ಟ ಪ್ಯಾಕೇಜುಗಳನ್ನು ಭಂಡಾರಕ್ಕೆ ಏರಿಸಿ ಕಾಯುವವರು ಇದ್ದಾರೆ. ತೆರೆಯ ಮೇಲಿನ ಹೆಸರನ್ನು ಅಕ್ಷರ ಅಕ್ಷರ ಓದಿ ಆಮೇಲೆ ವೈ ಒತ್ತಿ.

ಪ್ರಶ್ನೆಗಳು

ಮೊದಲ ಪ್ರಶ್ನೆ ಪ್ರಾಜೆಕ್ಟಿನ ಹೆಸರು. ಅದೇ ಫೋಲ್ಡರಿನ ಹೆಸರೂ ಹೌದು, ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿ ಇರುವ ಪ್ಯಾಕೇಜ್.ಜೇಸನ್ ಫೈಲಿನಲ್ಲಿ ಬರೆಯುವ ಹೆಸರೂ ಹೌದು. ಫೋಲ್ಡರಿಗೆ ಕನ್ನಡದಲ್ಲೇ ಹೆಸರಿಡಬಹುದೇ? ಫೋಲ್ಡರಿಗೆ ಅಡ್ಡಿಯಿಲ್ಲ. ಆದರೆ ಪ್ಯಾಕೇಜ್ ಹೆಸರಿನಲ್ಲಿ ಇಂಗ್ಲಿಷಿನ ಸಣ್ಣಕ್ಷರ, ಅಂಕಿ, ಗೆರೆಯಂಥ ಕೆಲವೇ ಗುರುತುಗಳಿಗೆ ಅವಕಾಶ. ಕನ್ನಡ ಹೆಸರು ಕೊಟ್ಟರೆ, ದೊಡ್ಡಕ್ಷರ ಅಥವಾ ಖಾಲಿ ಜಾಗ ಇರುವ ಹೆಸರು ಕೊಟ್ಟರೆ, ಕ್ರಿಯೇಟ್-ವೀಟ್ ಎರಡನೆಯ ಪ್ರಶ್ನೆ ಹಾಕಿ ಪ್ಯಾಕೇಜ್ ಹೆಸರನ್ನು ಬೇರೆಯಾಗಿ ಕೇಳುತ್ತದೆ. ಹೆಸರಿನ ಬದಲು ಬರೀ ಒಂದು ಚುಕ್ಕಿ ಕೊಟ್ಟರೆ ಈಗ ನೀವಿರುವ ಫೋಲ್ಡರಿನಲ್ಲೇ ಪ್ರಾಜೆಕ್ಟ್ ಕಟ್ಟುತ್ತದೆ.

ಚುಕ್ಕಿ ಕೊಡುವಾಗ ಎಚ್ಚರ ಬೇಕು. ಫೋಲ್ಡರಿನಲ್ಲಿ ಆಗಲೇ ಫೈಲುಗಳಿದ್ದರೆ ಮೂರು ಆಯ್ಕೆ ತೋರಿಸುತ್ತದೆ: ನಿಲ್ಲಿಸು, ಇರುವುದನ್ನು ತೆಗೆದುಹಾಕಿ ಮುಂದುವರಿ, ಇರುವುದನ್ನು ಹಾಗೇ ಬಿಟ್ಟು ಮುಂದುವರಿ. ನಡುವಿನದನ್ನು ಆರಿಸಿದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಧನದ ಇತಿಹಾಸವಿರುವ ಫೋಲ್ಡರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅಳಿಸಿಹೋಗುತ್ತದೆ. ರಿಸೈಕಲ್ ಬಿನ್ನಿಗೂ ಹೋಗುವುದಿಲ್ಲ.

ಆಮೇಲೆ ಫ್ರೇಮ್‌ವರ್ಕ್, ಅಂದರೆ ಆಪ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟು: ಯಾವುದೂ ಬೇಡ ಎನ್ನುವವರಿಗೆ ವನಿಲಾ, ಅಲ್ಲದಿದ್ದರೆ ವ್ಯೂ, ರಿಯಾಕ್ಟ್, ಪ್ರಿಯಾಕ್ಟ್, ಲಿಟ್, ಸ್ವೆಲ್ಟ್, ಸಾಲಿಡ್ ಹೀಗೆ. ನಂತರ ಜಾವಾಸ್ಕ್ರಿಪ್ಟೋ, ಅದಕ್ಕೆ ಟೈಪುಗಳನ್ನು ಸೇರಿಸಿದ ಟೈಪ್‌ಸ್ಕ್ರಿಪ್ಟೋ. ವೆಬ್ ಕಲಿಯಲು ಹೊರಟವರು ಒಮ್ಮೆಯಾದರೂ ವನಿಲಾ ಆರಿಸಿ ನೋಡಬೇಕು. ಫ್ರೇಮ್‌ವರ್ಕ್ ಇಲ್ಲದ ಆ ಟೆಂಪ್ಲೇಟಿನಲ್ಲಿ ವೀಟ್ ಮಾಡುವ ಕೆಲಸ ಯಾವುದು, ರಿಯಾಕ್ಟ್ ಮಾಡುವ ಕೆಲಸ ಯಾವುದು ಎಂಬುದು ಬೇರೆಬೇರೆಯಾಗಿ ಕಾಣುತ್ತದೆ.

ಪ್ರಶ್ನೆಗಳೇ ಬೇಡವೆಂದರೆ ಉತ್ತರಗಳನ್ನು ಮೊದಲೇ ಕೊಡಬಹುದು:

ಎನ್‌ಪಿಎಂ ಕ್ರಿಯೇಟ್ ವೀಟ್@ಲೇಟೆಸ್ಟ್ ನನ್ನ-ಆಪ್ -- --ಟೆಂಪ್ಲೇಟ್ ರಿಯಾಕ್ಟ್

ನಡುವೆ ಒಂಟಿಯಾಗಿ ನಿಂತಿರುವ ಆ ಜೋಡಿಗೆರೆ ಹಲವರನ್ನು ಕಾಡುತ್ತದೆ. ಅದರ ಅರ್ಥ: ಇಲ್ಲಿಂದ ಮುಂದಿರುವುದು ಎನ್‌ಪಿಎಂಗೆ ಹೇಳಿದ್ದಲ್ಲ, ಕ್ರಿಯೇಟ್-ವೀಟ್‌ಗೆ ದಾಟಿಸು. ಎನ್‌ಪಿಎಂನ ಏಳನೆಯ ಆವೃತ್ತಿಯಿಂದ ಈಚೆಗೆ ಅದು ಬೇಕೇಬೇಕು. ಮರೆತರೆ ಟೆಂಪ್ಲೇಟಿನ ಮಾತು ದಾರಿಯಲ್ಲೇ ಕಳೆದುಹೋಗಿ ಮತ್ತೆ ಪ್ರಶ್ನೆಗಳು ಶುರುವಾಗುತ್ತವೆ.

ನಕಲಾಗಿ ಬಂದ ಫೈಲುಗಳು

ಕ್ರಿಯೇಟ್-ವೀಟ್ ಪ್ಯಾಕೇಜಿನೊಳಗೆ ಟೆಂಪ್ಲೇಟ್-ರಿಯಾಕ್ಟ್, ಟೆಂಪ್ಲೇಟ್-ವ್ಯೂ ಎಂಬಂಥ ಫೋಲ್ಡರುಗಳು ಸಾಲಾಗಿ ಇವೆ. ನೀವು ಆರಿಸಿದ್ದನ್ನು ನಿಮ್ಮ ಫೋಲ್ಡರಿಗೆ ನಕಲಿಸುತ್ತದೆ, ಪ್ಯಾಕೇಜ್.ಜೇಸನ್‌ನಲ್ಲಿ ಹೆಸರು ಬದಲಿಸುತ್ತದೆ, ಒಂದೆರಡು ಸಣ್ಣ ತಿದ್ದುಪಡಿ ಮಾಡುತ್ತದೆ. ಅಂಥ ತಿದ್ದುಪಡಿಯಲ್ಲಿ ಒಂದು ನನಗೆ ಬಹಳ ಇಷ್ಟ: ಯಾವ ಫೈಲುಗಳನ್ನು ದಾಖಲಿಸಬಾರದು ಎಂದು ಗಿಟ್‌ಗೆ ಹೇಳುವ ಗಿಟ್‌ಇಗ್ನೋರ್ ಫೈಲಿನ ಹೆಸರು ಟೆಂಪ್ಲೇಟಿನಲ್ಲಿ ಚುಕ್ಕಿಯಿಂದ ಶುರುವಾಗುವುದಿಲ್ಲ, ಅಡಿಗೆರೆಯಿಂದ ಶುರುವಾಗುತ್ತದೆ. ಚುಕ್ಕಿಯ ಹೆಸರಿನಲ್ಲೇ ಇಟ್ಟರೆ ಎನ್‌ಪಿಎಂ ಪ್ಯಾಕೇಜು ಪ್ರಕಟಿಸುವಾಗ ಆ ಫೈಲನ್ನು ತನಗೇ ಕೊಟ್ಟ ಸೂಚನೆಯೆಂದು ತಿಳಿಯುತ್ತದೆ, ಹಾಗಾಗಿ ಅದು ನಿಮ್ಮವರೆಗೆ ಸರಿಯಾಗಿ ತಲುಪುವುದಿಲ್ಲ. ಅದಕ್ಕೇ ವೇಷ ಹಾಕಿಸಿ ಕಳಿಸಿ, ನಿಮ್ಮ ಫೋಲ್ಡರಿಗೆ ಬಂದ ಮೇಲೆ ನಿಜ ಹೆಸರು ಕೊಡುತ್ತಾರೆ. ಇಂಥ ವಿವರ ಒಮ್ಮೆ ಕಂಡರೆ ಈ ಕಮಾಂಡಿನ ಬಗೆಗಿನ ಭಯ ಹೋಗುತ್ತದೆ. ನೀವೂ ನಿಮ್ಮ ತಂಡಕ್ಕೆ ಹೀಗೊಂದು ಬರೆದುಕೊಳ್ಳಬಹುದು.

ಈಗ ಫೈಲುಗಳಿಗೆ ಬರೋಣ. ಪ್ರಾಜೆಕ್ಟಿನ ಬಾಗಿಲು ಇಂಡೆಕ್ಸ್.ಎಚ್‌ಟಿಎಂಎಲ್. ಹಳೆಯ ಸಾಧನಗಳಲ್ಲಿ ಇದು ಪಬ್ಲಿಕ್ ಫೋಲ್ಡರಿನೊಳಗೆ ಅಡಗಿರುತ್ತಿತ್ತು. ವೀಟ್ ಅದನ್ನು ಮೇಲಕ್ಕೇ ತಂದಿಟ್ಟಿದೆ, ಏಕೆಂದರೆ ವೀಟ್ ಓದಲು ಶುರುಮಾಡುವುದೇ ಅಲ್ಲಿಂದ. ಒಳಗೆ 'ರೂಟ್' ಎಂಬ ಐಡಿ ಇರುವ ಒಂದು ಖಾಲಿ ಡಿವ್ ಇದೆ. ಅದರ ಕೆಳಗೆ ಮೇನ್.ಜೆಎಸ್‌ಎಕ್ಸ್ ಅನ್ನು ಮಾಡ್ಯೂಲ್ ಆಗಿ ಕರೆಯುವ ಒಂದು ಸ್ಕ್ರಿಪ್ಟ್ ಸಾಲು ಇದೆ. ಈ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಖಾಲಿ ಪುಟ ಬರುತ್ತದೆ. ಡಿಸ್ಕಿನಿಂದ ನೇರ ತೆರೆದ ಪುಟಕ್ಕೆ ಮಾಡ್ಯೂಲ್ ತರಿಸಿಕೊಳ್ಳಲು ಬ್ರೌಸರ್ ಬಿಡುವುದಿಲ್ಲ. ಬಿಟ್ಟರೂ ಜಾವಾಸ್ಕ್ರಿಪ್ಟಿನೊಳಗೆ ಎಚ್‌ಟಿಎಂಎಲ್‌ನಂಥ ಗುರುತುಗಳನ್ನು ಬೆರೆಸಿ ಬರೆಯುವ ಜೆಎಸ್‌ಎಕ್ಸ್ ಅದಕ್ಕೆ ಅರ್ಥವಾಗುವ ಭಾಷೆಯಲ್ಲ. ಹಾಗಾಗಿ ಡೆವ್ ಸರ್ವರ್, ಅಂದರೆ ಕೋಡ್ ಬರೆಯುವಾಗ ನಿಮ್ಮ ಕಂಪ್ಯೂಟರಿನಲ್ಲೇ ಪುಟ ತೋರಿಸುವ ಸರ್ವರ್, ಬೇಕು.

ಮೇನ್.ಜೆಎಸ್‌ಎಕ್ಸ್ ಆ ಖಾಲಿ ಡಿವ್ ಹಿಡಿದು ಅದರೊಳಗೆ ರಿಯಾಕ್ಟ್ ಆಪನ್ನು ನಿಲ್ಲಿಸುತ್ತದೆ. ಅಲ್ಲಿ ಆಪ್ ಅನ್ನು ಸ್ಟ್ರಿಕ್ಟ್‌ಮೋಡ್ ಸುತ್ತುವರಿದಿರುವುದನ್ನು ಗಮನಿಸಿ. ಡೆವಲಪ್‌ಮೆಂಟ್ ಸಮಯದಲ್ಲಿ ಅದು ಎಫೆಕ್ಟುಗಳನ್ನು, ಅಂದರೆ ಪುಟ ಮೂಡಿದ ಮೇಲೆ ಓಡುವ ಕೋಡನ್ನು, ಬೇಕೆಂದೇ ಎರಡು ಸಲ ಓಡಿಸುತ್ತದೆ, ಅಡಗಿರುವ ದೋಷ ಹೊರಬರಲಿ ಎಂದು. ಎಪಿಐಗೆ ಎರಡೆರಡು ಸಲ ಕೋರಿಕೆ ಹೋಗುತ್ತಿದೆ ಎಂದು ತಲೆ ಕೆಡಿಸಿಕೊಂಡವರೆಲ್ಲ ಈ ಒಂದು ಸಾಲು ಓದಿದ್ದರೆ ಸಾಕಿತ್ತು. ಬಿಲ್ಡ್ ಆದ, ಅಂದರೆ ಅಪ್‌ಲೋಡಿಗೆ ಸಿದ್ಧವಾದ ಸೈಟಿನಲ್ಲಿ ಹಾಗಾಗುವುದಿಲ್ಲ. ಕಿರಿಕಿರಿ ಎಂದು ಸ್ಟ್ರಿಕ್ಟ್‌ಮೋಡ್ ತೆಗೆಯಬೇಡಿ, ಅದು ನಿಮ್ಮ ಪರವಾಗಿಯೇ ಕೆಲಸ ಮಾಡುತ್ತಿದೆ.

ಚಿತ್ರ ಇಡಲು ಎರಡು ಜಾಗಗಳಿವೆ, ಎರಡರ ಸ್ವಭಾವವೂ ಬೇರೆ. ಪಬ್ಲಿಕ್ ಫೋಲ್ಡರಿನಲ್ಲಿ ಇಟ್ಟದ್ದು ಹೆಸರೂ ಬದಲಾಗದೆ ಇದ್ದ ಹಾಗೇ ಸೈಟಿಗೆ ಹೋಗುತ್ತದೆ. ಎಸ್ಆರ್‌ಸಿ ಒಳಗಿನ ಅಸೆಟ್ಸ್‌ನಲ್ಲಿ ಇಟ್ಟು ಕೋಡಿನಿಂದ ಇಂಪೋರ್ಟ್ ಮಾಡಿದ್ದಕ್ಕೆ ವೀಟ್ ಹೆಸರಿನ ಕೊನೆಗೆ ಒಂದು ಹ್ಯಾಶ್, ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿದ ಅಕ್ಷರಗುಚ್ಛ, ಅಂಟಿಸುತ್ತದೆ. ಚಿತ್ರ ಬದಲಾದರೆ ಹ್ಯಾಶೂ ಬದಲಾಗುತ್ತದೆ, ಹಾಗಾಗಿ ಓದುಗರ ಬ್ರೌಸರ್ ಹಳೆಯ ಚಿತ್ರವನ್ನೇ ಹಿಡಿದುಕೊಂಡು ಕೂರುವುದಿಲ್ಲ. 4 ಕೆಬಿಗಿಂತ ಚಿಕ್ಕದಾದರೆ ಬೇರೆ ಫೈಲನ್ನೇ ಮಾಡದೆ ಕೋಡಿನೊಳಗೇ ಸೇರಿಸಿಬಿಡುತ್ತದೆ. ಫೇವಿಕಾನ್, ರೋಬಾಟ್ಸ್ ಫೈಲ್‌ನಂಥ ಹೆಸರು ಬದಲಾಗಬಾರದವು ಪಬ್ಲಿಕ್‌ನಲ್ಲಿರಲಿ, ಮಿಕ್ಕವು ಅಸೆಟ್ಸ್‌ನಲ್ಲಿ.

ವೀಟ್.ಕಾನ್ಫಿಗ್.ಜೆಎಸ್ ಕೆಲವೇ ಸಾಲಿನ ಫೈಲು: ರಿಯಾಕ್ಟ್ ಪ್ಲಗಿನ್ ಬಳಸು ಎನ್ನುತ್ತದೆ, ಅಷ್ಟೇ. ಇಎಸ್‌ಲಿಂಟ್ ಕಾನ್ಫಿಗ್ ಕೋಡಿನ ತಪ್ಪು ಹಿಡಿಯಲು. ಟೈಪ್‌ಸ್ಕ್ರಿಪ್ಟ್ ಆರಿಸಿದ್ದರೆ ಮೂರು ಟಿಎಸ್‌ಕಾನ್ಫಿಗ್ ಫೈಲುಗಳು ಬಂದಿರುತ್ತವೆ: ಒಂದು ಬ್ರೌಸರಿನಲ್ಲಿ ಓಡುವ ನಿಮ್ಮ ಕೋಡಿಗೆ, ಇನ್ನೊಂದು ನೋಡ್‌ನಲ್ಲಿ ಓಡುವ ವೀಟ್ ಕಾನ್ಫಿಗ್‌ಗೆ, ಮೂರನೆಯದು ಅವೆರಡನ್ನೂ ಜೋಡಿಸಲು. ಟೈಪ್‌ಸ್ಕ್ರಿಪ್ಟಿನವರು ಒಂದು ಮಾತು ನೆನಪಿಡಬೇಕು. ವೀಟ್ ಟೈಪುಗಳನ್ನು ಪರೀಕ್ಷಿಸುವುದಿಲ್ಲ, ಕಿತ್ತು ಬದಿಗಿಡುತ್ತದೆ. ಡೆವ್ ಸರ್ವರ್ ಸುಮ್ಮನಿದೆ ಎಂದ ಮಾತ್ರಕ್ಕೆ ಟೈಪ್ ಎಲ್ಲ ಸರಿಯಿದೆ ಎಂದಲ್ಲ. ಬಿಲ್ಡ್ ಸ್ಕ್ರಿಪ್ಟಿನಲ್ಲಿ ವೀಟ್‌ಗಿಂತ ಮೊದಲು ಟೈಪ್‌ಸ್ಕ್ರಿಪ್ಟ್ ಕಂಪೈಲರನ್ನು ಓಡಿಸಿರುವುದು ಅದಕ್ಕೇ.

ಗಿಟ್‌ಇಗ್ನೋರ್ ಫೈಲನ್ನು ಮಾತ್ರ ದಯವಿಟ್ಟು ಪೂರ್ತಿ ಓದಿ. ನೋಡ್_ಮಾಡ್ಯೂಲ್ಸ್, ಡಿಸ್ಟ್, ಲಾಗ್ ಫೈಲುಗಳು ಅದರಲ್ಲಿವೆ. 'ಲೋಕಲ್' ಎಂದು ಕೊನೆಗೊಳ್ಳುವ ಫೈಲುಗಳೂ ಇವೆ. ಆದರೆ ಪ್ರಾಜೆಕ್ಟಿನ ಸೆಟ್ಟಿಂಗುಗಳನ್ನು ವೇರಿಯಬಲ್‌ಗಳಾಗಿ ಬರೆದಿಡುವ ಬರೀ ಡಾಟ್ ಇಎನ್‌ವಿ ಎಂಬ ಫೈಲು ಆ ಪಟ್ಟಿಯಲ್ಲಿಲ್ಲ. ಅಂದರೆ ಡಾಟ್ ಇಎನ್‌ವಿ ಲೋಕಲ್‌ನಲ್ಲಿ ಬರೆದದ್ದು ಗಿಟ್‌ಗೆ ಹೋಗುವುದಿಲ್ಲ, ಡಾಟ್ ಇಎನ್‌ವಿಯಲ್ಲಿ ಬರೆದದ್ದು ಹೋಗುತ್ತದೆ. ಬೇರೆ ಪ್ರಾಜೆಕ್ಟುಗಳ ಅಭ್ಯಾಸದಲ್ಲಿ ಅಲ್ಲಿ ಗುಟ್ಟಿನ ಕೀ ಬರೆದು ಗಿಟ್‌ಹಬ್‌ಗೆ ತಳ್ಳಿದರೆ ಅದು ಬಟಾಬಯಲು. ಇನ್ನೂ ಮುಖ್ಯವಾದ ಸಂಗತಿ: ವೀಟ್_ ಎಂದು ಶುರುವಾಗುವ ವೇರಿಯಬಲ್‌ಗಳ ಬೆಲೆಯನ್ನು ವೀಟ್ ಬಿಲ್ಡ್ ಮಾಡುವಾಗ ಕೋಡಿನೊಳಗೇ ಬರೆದುಬಿಡುತ್ತದೆ. ಅದನ್ನು ಯಾವ ಫೈಲಿನಲ್ಲಿಟ್ಟರೂ ಸರಿ, ಸೈಟಿಗೆ ಬಂದ ಯಾರು ಬೇಕಾದರೂ ಓದಬಹುದು. ಫ್ರಂಟ್‌ಎಂಡ್ ಕೋಡಿನಲ್ಲಿ ಗುಟ್ಟು ಇಡಲು ಜಾಗವೇ ಇಲ್ಲ. ಪಾಸ್‌ವರ್ಡ್, ಪೇಮೆಂಟ್ ಕೀ ಎಲ್ಲ ಸರ್ವರಿನಲ್ಲೇ ಇರಬೇಕು.

ಇನ್‌ಸ್ಟಾಲ್ ಎಂದರೆ

ಇಷ್ಟು ಹೊತ್ತು ನೋಡಿದ್ದು ಚಿಕ್ಕ ಚಿಕ್ಕ ಫೈಲುಗಳು. ಎನ್‌ಪಿಎಂ ಇನ್‌ಸ್ಟಾಲ್ ಓಡಿಸಿದ ಮೇಲೆ ನೋಡ್_ಮಾಡ್ಯೂಲ್ಸ್ ಫೋಲ್ಡರಿನಲ್ಲಿ ನೂರಕ್ಕೂ ಮಿಕ್ಕಿ ಪ್ಯಾಕೇಜುಗಳು ತುಂಬಿಕೊಳ್ಳುತ್ತವೆ. ಪ್ಯಾಕೇಜ್.ಜೇಸನ್‌ನಲ್ಲಿ ನೀವು ನೋಡುವುದು ಹತ್ತು ಹನ್ನೆರಡು ಹೆಸರು. ಸೈಟಿನ ಜೊತೆ ಓದುಗರ ಬ್ರೌಸರಿಗೆ ಹೋಗುವುದು ರಿಯಾಕ್ಟ್ ಮತ್ತು ರಿಯಾಕ್ಟ್-ಡಾಮ್ ಎರಡೇ; ಉಳಿದವು ನಿಮ್ಮ ಯಂತ್ರದಲ್ಲಿ ಕೆಲಸ ಮಾಡುವ ಸಾಧನಗಳು, ಅದಕ್ಕೇ ಅವು ಡೆವ್‌ಡಿಪೆಂಡೆನ್ಸೀಸ್ ಎಂಬ ಬೇರೆ ಪಟ್ಟಿಯಲ್ಲಿವೆ. ಮಿಕ್ಕ ಪ್ಯಾಕೇಜುಗಳೆಲ್ಲ ಈ ಹೆಸರುಗಳ ಬೆನ್ನಿಗೆ ಬಂದವು.

ಆವೃತ್ತಿಯ ಹಿಂದಿರುವ ಮೇಲ್ಮುಖದ ಗುರುತು, ಅಂದರೆ ಕ್ಯಾರೆಟ್, ಸ್ವಲ್ಪ ಸಡಿಲ ಬಿಡುತ್ತದೆ. ^19.1.0 ಎಂದರೆ 19.1.0 ಅಥವಾ ಅದಕ್ಕಿಂತ ಹೊಸದು, ಆದರೆ 20ಕ್ಕಿಂತ ಕೆಳಗೆ. ಸೊನ್ನೆಯಿಂದ ಶುರುವಾಗುವ ಆವೃತ್ತಿಗೆ ಪಟ್ಟು ಬಿಗಿ: ^0.4.2 ಎಂದರೆ 0.5ಕ್ಕಿಂತ ಕೆಳಗಿನದು ಮಾತ್ರ. ಹಾಗಾದರೆ ಇಂದು ಇನ್‌ಸ್ಟಾಲ್ ಮಾಡಿದವರಿಗೂ ಮುಂದಿನ ತಿಂಗಳು ಮಾಡುವವರಿಗೂ ಬೇರೆಬೇರೆ ಆವೃತ್ತಿ ಬರಬಹುದಲ್ಲ? ಬರಬಾರದು ಎಂದೇ ಪ್ಯಾಕೇಜ್-ಲಾಕ್.ಜೇಸನ್ ಇರುವುದು. ಪ್ಯಾಕೇಜ್.ಜೇಸನ್ ನಾವು ಅಂಗಡಿಗೆ ಕೊಡುವ ಸಾಮಾನಿನ ಚೀಟಿ, ಲಾಕ್ ಫೈಲು ಅಂಗಡಿಯವರು ಕೊಟ್ಟ ಬಿಲ್ಲು. ಚೀಟಿಯಲ್ಲಿ ಅಕ್ಕಿ ಎಂದಷ್ಟೇ ಇರುತ್ತದೆ, ಯಾವ ಅಕ್ಕಿ ಎಷ್ಟು ಬಂತು ಎಂಬುದು ಬಿಲ್ಲಿನಲ್ಲಿರುತ್ತದೆ. ಲಾಕ್ ಫೈಲನ್ನು ಗಿಟ್‌ಗೆ ಸೇರಿಸಲೇಬೇಕು. ಸರ್ವರಿನಲ್ಲಿ ಬಿಲ್ಡ್ ಮಾಡುವಾಗ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಬಳಸಿ. ಅದು ಹಳೆಯ ನೋಡ್_ಮಾಡ್ಯೂಲ್ಸ್ ಅಳಿಸಿ ಲಾಕ್ ಫೈಲಿನಲ್ಲಿ ಇರುವುದನ್ನಷ್ಟೇ ತರುತ್ತದೆ, ಎರಡು ಫೈಲುಗಳಿಗೆ ತಾಳೆಯಾಗದಿದ್ದರೆ ನಿಂತುಬಿಡುತ್ತದೆ. ಹಾಗೆ ನಿಲ್ಲುವುದೇ ಒಳ್ಳೆಯದು.

ಅಪರಿಚಿತರು ಬರೆದ ಇಷ್ಟೊಂದು ಪ್ಯಾಕೇಜುಗಳ ಮೇಲೆ ನಿಂತಿದ್ದೇವೆ ಎಂಬುದನ್ನು ಹಗುರವಾಗಿ ನೋಡುವಂತಿಲ್ಲ. 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಭಂಡಾರದಿಂದ ಹಿಂತೆಗೆದುಕೊಂಡಾಗ, ಬೇಬಲ್‌ನಂಥ ದೊಡ್ಡ ಸಾಧನವನ್ನು ನೆಚ್ಚಿಕೊಂಡಿದ್ದ ಅಸಂಖ್ಯ ಪ್ರಾಜೆಕ್ಟುಗಳ ಬಿಲ್ಡ್ ಮುರಿದುಬಿತ್ತು. ಎನ್‌ಪಿಎಂ ಆಮೇಲೆ ಹಿಂತೆಗೆಯುವ ನಿಯಮವನ್ನೇ ಬಿಗಿ ಮಾಡಿತು. 2025ರ ಸೆಪ್ಟೆಂಬರಿನಲ್ಲಿ ನಡೆದದ್ದು ಇನ್ನೂ ಗಂಭೀರ. ಚಾಕ್, ಡಿಬಗ್‌ನಂಥ ಅತಿ ಬಳಕೆಯ ಪ್ಯಾಕೇಜುಗಳ ನಿರ್ವಾಹಕರೊಬ್ಬರನ್ನು ಫಿಶಿಂಗ್ ಇಮೇಲಿನಿಂದ ವಂಚಿಸಿ, ಅವರ ಖಾತೆಯ ಮೂಲಕವೇ ವಿಷ ಬೆರೆತ ಆವೃತ್ತಿಗಳನ್ನು ಪ್ರಕಟಿಸಿದರು. ಲಾಕ್ ಫೈಲು ಇದ್ದವರಿಗೆ, ಎನ್‌ಪಿಎಂ ಸಿಐ ಬಳಸುತ್ತಿದ್ದವರಿಗೆ ಇಂಥ ಸಂದರ್ಭದಲ್ಲಿ ಹೊಸ ಆವೃತ್ತಿ ತಾನಾಗಿ ನುಗ್ಗಿಬರುವುದಿಲ್ಲ. ಇನ್ನೊಂದು ಮಾತು. ಇನ್‌ಸ್ಟಾಲ್ ಮುಗಿದ ಮೇಲೆ ಇಂತಿಷ್ಟು ದೋಷಗಳಿವೆ ಎಂಬ ಎಚ್ಚರಿಕೆ ಬಂದರೆ ಹೆದರಿ ಎನ್‌ಪಿಎಂ ಆಡಿಟ್ ಫಿಕ್ಸ್ --ಫೋರ್ಸ್ ಓಡಿಸಬೇಡಿ. ಅದು ಕೇಳದೆಯೇ ದೊಡ್ಡ ಆವೃತ್ತಿಗಳನ್ನು ಬದಲಿಸಿ ಪ್ರಾಜೆಕ್ಟನ್ನೇ ಮುರಿಯಬಹುದು. ಯಾವ ಪ್ಯಾಕೇಜಿನ ಯಾವ ದೋಷ ಎಂದು ಓದಿ ತೀರ್ಮಾನಿಸಿ.

ಡೆವ್ ಬೇರೆ, ಬಿಲ್ಡ್ ಬೇರೆ

ಎನ್‌ಪಿಎಂ ರನ್ ಡೆವ್ ಎಂದರೆ 5173ನೆಯ ಪೋರ್ಟಿನಲ್ಲಿ ಸರ್ವರ್ ಏಳುತ್ತದೆ. ಆ ಪೋರ್ಟ್ ಬೇರೆ ಯಾವುದೋ ಕೆಲಸದಲ್ಲಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಇಲ್ಲಿ ವೀಟ್ ನಿಮ್ಮ ಕೋಡನ್ನೆಲ್ಲ ಒಟ್ಟುಗೂಡಿಸುತ್ತ ಕೂರುವುದಿಲ್ಲ. ಬ್ರೌಸರ್ ಯಾವ ಫೈಲು ಕೇಳುತ್ತದೋ ಅದನ್ನು ಆಗಲೇ ಪರಿವರ್ತಿಸಿ ಕೊಡುತ್ತದೆ. ಪ್ರಾಜೆಕ್ಟ್ ಎಷ್ಟೇ ಬೆಳೆದರೂ ಸರ್ವರ್ ಕ್ಷಣದಲ್ಲಿ ಏಳುವುದರ ಗುಟ್ಟು ಇದು. ಹೊರಗಿನ ಪ್ಯಾಕೇಜುಗಳನ್ನು ಮಾತ್ರ ಮೊದಲೇ ಒಟ್ಟು ಮಾಡಿ ಇಟ್ಟುಕೊಳ್ಳುತ್ತದೆ. ಲೋಡ್ಯಾಶ್-ಇಎಸ್‌ನಂಥ ಪ್ಯಾಕೇಜಿನೊಳಗೆ 600ಕ್ಕೂ ಹೆಚ್ಚು ಮಾಡ್ಯೂಲುಗಳಿವೆ, ಬಿಡಿಬಿಡಿಯಾಗಿ ಬಿಟ್ಟರೆ ಬ್ರೌಸರ್ ಅಷ್ಟೂ ಕೋರಿಕೆ ಕಳಿಸಬೇಕಾಗುತ್ತಿತ್ತು.

ಎನ್‌ಪಿಎಂ ರನ್ ಬಿಲ್ಡ್‌ನ ದಾರಿ ಇದಲ್ಲ. ಅದು ಎಲ್ಲವನ್ನೂ ಕಟ್ಟಿ, ಕುಗ್ಗಿಸಿ ಡಿಸ್ಟ್ ಫೋಲ್ಡರಿಗೆ ಹಾಕುತ್ತದೆ. ವೀಟ್‌ನ ಏಳನೆಯ ಆವೃತ್ತಿಯವರೆಗೂ ಡೆವ್ ಕೆಲಸಕ್ಕೆ ಇಎಸ್‌ಬಿಲ್ಡ್, ಬಿಲ್ಡ್ ಕೆಲಸಕ್ಕೆ ರೋಲಪ್ ಎಂಬ ಎರಡು ಬೇರೆ ಸಾಧನಗಳನ್ನು ಬಳಸಲಾಗುತ್ತಿತ್ತು. ಎರಡರ ಜಾಗವನ್ನೂ ತುಂಬಲೆಂದೇ ರಸ್ಟ್ ಭಾಷೆಯಲ್ಲಿ ರೋಲ್‌ಡೌನ್ ಕಟ್ಟಿದರು. ಡೆವ್‌ನಲ್ಲಿ ಚೆನ್ನಾಗಿ ಓಡಿದ್ದು ಬಿಲ್ಡ್‌ನಲ್ಲೂ ಹಾಗೇ ಓಡುತ್ತದೆ ಎಂಬ ಖಾತರಿ ಇಲ್ಲ, ಆದ್ದರಿಂದ ಅಪ್‌ಲೋಡ್ ಮಾಡುವ ಮುನ್ನ ಎನ್‌ಪಿಎಂ ರನ್ ಪ್ರಿವ್ಯೂ ಓಡಿಸಿ 4173ನೆಯ ಪೋರ್ಟಿನಲ್ಲಿ ಡಿಸ್ಟನ್ನೇ ನೋಡಿ.

ಮೊದಲಿಗೆ ಹೇಳಿದ ಬಿಳಿ ಪುಟಕ್ಕೆ ಸಾಮಾನ್ಯ ಕಾರಣ ಒಂದೇ. ಸೈಟು ಡೊಮೇನಿನ ಬುಡದಲ್ಲೇ ಇರುತ್ತದೆ ಎಂದು ವೀಟ್ ಭಾವಿಸುತ್ತದೆ, ಹಾಗಾಗಿ ಸ್ಕ್ರಿಪ್ಟುಗಳ ವಿಳಾಸವನ್ನು ಬರೀ ಒಂದು ಓರೆಗೆರೆಯಿಂದ ಶುರು ಮಾಡುತ್ತದೆ. ಗಿಟ್‌ಹಬ್‌ನಲ್ಲಿಟ್ಟ ಕೋಡನ್ನು ಸೈಟಾಗಿ ತೋರಿಸುವ ಗಿಟ್‌ಹಬ್ ಪೇಜಸ್‌ನಲ್ಲಿ ನಿಮ್ಮ ಪ್ರಾಜೆಕ್ಟ್ ಇರುವುದು ಡೊಮೇನಿನ ಬುಡದಲ್ಲಿ ಅಲ್ಲ, ರೆಪೊಸಿಟರಿ ಹೆಸರಿನ ಒಳಗೆ. ಎಚ್‌ಟಿಎಂಎಲ್ ಸಿಗುತ್ತದೆ, ಸ್ಕ್ರಿಪ್ಟ್ ಸಿಗುವುದಿಲ್ಲ, ಡಿವ್ ಖಾಲಿ ಉಳಿಯುತ್ತದೆ. ವೀಟ್.ಕಾನ್ಫಿಗ್.ಜೆಎಸ್‌ನಲ್ಲಿ 'ಬೇಸ್' ಎಂಬ ಸೆಟ್ಟಿಂಗ್ ಸೇರಿಸಿ, ಆ ರೆಪೊಸಿಟರಿ ಹೆಸರನ್ನು ಎರಡೂ ಬದಿ ಓರೆಗೆರೆ ಹಾಕಿ ಬರೆದರೆ ಮುಗಿಯಿತು.

ನಿಮ್ಮ ಓದುಗರಲ್ಲಿ ಬಹುಪಾಲು ಜನ ಮೊಬೈಲಿನಲ್ಲೇ ನೋಡುವವರು. ಎನ್‌ಪಿಎಂ ರನ್ ಡೆವ್ -- --ಹೋಸ್ಟ್ ಎಂದು ಓಡಿಸಿದರೆ ಟರ್ಮಿನಲ್‌ನಲ್ಲಿ ಇನ್ನೊಂದು ವಿಳಾಸ ಕಾಣುತ್ತದೆ. ಅದೇ ವೈಫೈನಲ್ಲಿರುವ ಫೋನಿನಲ್ಲಿ ಅದನ್ನು ತೆರೆದು ಬರೆಯುತ್ತಿರುವಾಗಲೇ ನೋಡಬಹುದು.

ಕನ್ನಡದ ಪುಟ ಕಟ್ಟುವವರಿಗೆ

ಟೆಂಪ್ಲೇಟ್ ಬರೆದವರ ಕಣ್ಣ ಮುಂದೆ ಕನ್ನಡ ಇರಲಿಲ್ಲ. ಅದರಲ್ಲಿ ತಪ್ಪೇನಿಲ್ಲ, ಆದರೆ ತಿದ್ದುವ ಕೆಲಸ ನಮ್ಮದು. ಇಂಡೆಕ್ಸ್.ಎಚ್‌ಟಿಎಂಎಲ್‌ನ ಎರಡನೆಯ ಸಾಲಿನಲ್ಲಿ ಭಾಷೆ ಇಂಗ್ಲಿಷ್ ಎಂದು, ಅಂದರೆ 'ಇಎನ್' ಎಂದು ಬರೆದಿದೆ. ಪುಟ ಕನ್ನಡದ್ದಾದರೆ ಅದು 'ಕೆಎನ್' ಆಗಬೇಕು. ಕಣ್ಣು ಕಾಣದವರು ಬಳಸುವ ಸ್ಕ್ರೀನ್ ರೀಡರ್ ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ತಿಳಿಯುವುದು ಈ ಎರಡು ಅಕ್ಷರಗಳಿಂದ. ಹಾಗೇ ಬಿಟ್ಟರೆ ಕನ್ನಡ ಪಠ್ಯವನ್ನು ಇಂಗ್ಲಿಷ್ ದನಿಗೆ ಒಪ್ಪಿಸಿದಂತಾಗುತ್ತದೆ. ವೆಬ್ ಪುಟಗಳು ಎಲ್ಲರಿಗೂ ಎಟುಕುವಂತಿರಬೇಕು ಎನ್ನುವ ಡಬ್ಲ್ಯುಸಿಎಜಿ ಮಾರ್ಗಸೂಚಿಯಲ್ಲಿ ಇದು ಅತಿ ಕನಿಷ್ಠವಾದ 'ಎ' ಹಂತದ ಬೇಡಿಕೆ. ಇಡೀ ಟೆಂಪ್ಲೇಟಿನಲ್ಲಿ ಮೊದಲು ಬದಲಿಸಬೇಕಾದ ಜಾಗ ಯಾವುದು ಎಂದು ಕೇಳಿದರೆ ನಾನು ತೋರಿಸುವುದು ಇದನ್ನೇ.

ಎರಡನೆಯದು ಇಂಡೆಕ್ಸ್.ಸಿಎಸ್‌ಎಸ್. ಈ ಟೆಂಪ್ಲೇಟಿನ ಜೊತೆ ಬಹುಕಾಲ ಬಂದ ಶೈಲಿಯಲ್ಲಿ ದೊಡ್ಡ ಶೀರ್ಷಿಕೆಯ ಸಾಲಿನ ಎತ್ತರ 1.1. ಲ್ಯಾಟಿನ್ ಅಕ್ಷರಕ್ಕೆ ಅದು ಸಾಕು. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಗುರುತುಗಳು ಮೇಲೇರುತ್ತವೆ. ಶೀರ್ಷಿಕೆ ಎರಡು ಸಾಲಿಗೆ ಮುರಿದಾಗ 'ಸ್ವಾತಂತ್ರ್ಯ' ಎಂಬ ಪದದ ಒತ್ತು ಕೆಳಗಿನ ಸಾಲಿನ 'ಕೀ' ಅಕ್ಷರದ ತಲೆಗೆ ಬಡಿಯುತ್ತದೆ. ಶೀರ್ಷಿಕೆಗೆ 1.4, ದೇಹಪಠ್ಯಕ್ಕೆ 1.7ರ ಸುತ್ತಮುತ್ತ ಇಟ್ಟರೆ ಓದಲು ಹಿತ. ಫಾಂಟಿನ ಸಾಲಿನಲ್ಲೂ ಅವೆನಿರ್, ಹೆಲ್ವೆಟಿಕಾ, ಏರಿಯಲ್ ಎಂಬ ಹೆಸರುಗಳೇ ಇದ್ದವು, ಕನ್ನಡಕ್ಕೆಂದು ಒಂದೂ ಇರಲಿಲ್ಲ. ಹಾಗೆ ಬಿಟ್ಟರೆ ಪ್ರತಿ ಫೋನೂ ತನ್ನಲ್ಲಿರುವ ಕನ್ನಡ ಫಾಂಟನ್ನು ತೋರಿಸುತ್ತದೆ. ನೋಟೊ ಸ್ಯಾನ್ಸ್ ಕನ್ನಡವನ್ನು ಫಾಂಟ್‌ಸೋರ್ಸ್ ಪ್ಯಾಕೇಜಾಗಿ ಇನ್‌ಸ್ಟಾಲ್ ಮಾಡಿ ಮೇನ್.ಜೆಎಸ್‌ಎಕ್ಸ್‌ನಲ್ಲಿ ಇಂಪೋರ್ಟ್ ಮಾಡಿ, ಫಾಂಟ್ ಸಾಲಿನಲ್ಲಿ ಅದರ ಹೆಸರು ಬರೆದರೆ ಎಲ್ಲ ಕಡೆ ಒಂದೇ ರೂಪ ಸಿಗುತ್ತದೆ.

ಬಚ್ಚಿಟ್ಟದ್ದು, ಬಿಚ್ಚಿಟ್ಟದ್ದು

ಒಂದೇ ಕಮಾಂಡಿನಿಂದ ಪ್ರಾಜೆಕ್ಟ್ ಕಟ್ಟುವುದು ವೀಟ್ ತಂದ ಹೊಸತಲ್ಲ. ರೂಬಿ ಆನ್ ರೈಲ್ಸ್‌ನವರಿಗೆ ಅದು ಮೊದಲಿನಿಂದ ರೂಢಿ. ಫ್ರಂಟ್‌ಎಂಡ್‌ಗೆ 2012ರಲ್ಲಿ ಯೋಮನ್ ಬಂತು. 2016ರ ಜುಲೈನಲ್ಲಿ ಬಂದ ಕ್ರಿಯೇಟ್ ರಿಯಾಕ್ಟ್ ಆಪ್ ಒಂದು ಪೀಳಿಗೆಗೆ ರಿಯಾಕ್ಟ್ ಕಲಿಸಿತು. ವೆಬ್‌ಪ್ಯಾಕ್, ಬೇಬಲ್‌ಗಳ ಜಟಿಲ ಕಾನ್ಫಿಗನ್ನೆಲ್ಲ ಅದು ರಿಯಾಕ್ಟ್-ಸ್ಕ್ರಿಪ್ಟ್ಸ್ ಎಂಬ ಒಂದೇ ಪ್ಯಾಕೇಜಿನೊಳಗೆ ಬಚ್ಚಿಟ್ಟಿತು. ಕಲಿಯುವವರಿಗೆ ಅದು ದೊಡ್ಡ ಉಪಕಾರ. ಆದರೆ ಒಂದು ಸಣ್ಣ ಸೆಟ್ಟಿಂಗ್ ಬದಲಿಸಬೇಕೆಂದರೂ 'ಇಜೆಕ್ಟ್' ಮಾಡಬೇಕಿತ್ತು. ಹಾಗೆ ಮಾಡಿದರೆ ಬಚ್ಚಿಟ್ಟದ್ದೆಲ್ಲ ಒಮ್ಮೆಗೇ ನಿಮ್ಮ ಫೋಲ್ಡರಿಗೆ ಬಂದು ಬೀಳುತ್ತಿತ್ತು, ಹಿಂದಿರುಗುವ ದಾರಿ ಇರಲಿಲ್ಲ. ಸಾಧನದ ನಿರ್ವಹಣೆ ನಿಧಾನವಾದಾಗ ಅದನ್ನು ನೆಚ್ಚಿದ್ದವರೆಲ್ಲ ಅಲ್ಲೇ ಸಿಕ್ಕಿಕೊಂಡರು. ಹೊಸ ಪ್ರಾಜೆಕ್ಟುಗಳಿಗೆ ಇದನ್ನು ಬಳಸಬೇಡಿ ಎಂದು ರಿಯಾಕ್ಟ್ ತಂಡವೇ 2025ರ ಫೆಬ್ರವರಿ 14ರಂದು ಘೋಷಿಸಿತು. ಹಳೆಯ ಪಾಠಗಳನ್ನು ನೋಡಿ ಇಂದಿಗೂ ಅದೇ ಕಮಾಂಡ್ ಓಡಿಸುವವರು ಈ ಒಂದು ವಿಷಯ ತಿಳಿದಿರಲಿ.

ಇವಾನ್ ಯೂ 2020ರಲ್ಲಿ ಆರಂಭಿಸಿದ ವೀಟ್ ಕಾನ್ಫಿಗನ್ನು ಚಿ‌ಕ್ಕದಾಗಿಸಿ ನಿಮ್ಮ ಕಣ್ಣೆದುರೇ ಬಿಚ್ಚಿಟ್ಟಿತು. ನನಗೆ ಈ ಎರಡನೆಯ ದಾರಿಯೇ ಸರಿ ಅನಿಸುತ್ತದೆ. ಸರ್ವರಿನಲ್ಲೇ ಪುಟ ಸಿದ್ಧವಾಗಬೇಕು, ರೌಟಿಂಗ್ ಜೊತೆಗೇ ಬರಬೇಕು ಎನ್ನುವವರು ಕ್ರಿಯೇಟ್-ನೆಕ್ಸ್ಟ್-ಆಪ್ ಕಡೆಗೆ, ಬರಹವೇ ಮುಖ್ಯವಾದ ಸೈಟು ಕಟ್ಟುವವರು ಆಸ್ಟ್ರೋ ಕಡೆಗೆ ಹೋಗಲಿ. ಅಲ್ಲಿಯೂ ಓದಬೇಕಾದ ಫೈಲುಗಳು ಇವೇ, ಹೆಸರು ಸ್ವಲ್ಪ ಬೇರೆ.

ಕ್ರಿಯೇಟ್-ನೆಕ್ಸ್ಟ್-ಆಪ್ ಗಿಟ್ ರೆಪೊಸಿಟರಿಯನ್ನೂ ಶುರು ಮಾಡಿಕೊಡುತ್ತದೆ. ಕ್ರಿಯೇಟ್-ವೀಟ್ ಆ ಕೆಲಸವನ್ನು ನಿಮಗೇ ಬಿಡುತ್ತದೆ. ಹಾಗಾಗಿ ಫೋಲ್ಡರ್ ಸಿದ್ಧವಾದ ಕೂಡಲೇ, ಒಂದಕ್ಷರವನ್ನೂ ಮುಟ್ಟುವ ಮುನ್ನ, ಗಿಟ್ ಇನಿಟ್ ಮಾಡಿ ಬಂದದ್ದು ಬಂದ ಹಾಗೇ ಮೊದಲ ಕಮಿಟ್ ಹಾಕಿ. ಭಾಷೆಯ ಗುರುತು, ಸಾಲಿನ ಎತ್ತರ, ಗಿಟ್‌ಇಗ್ನೋರ್‌ಗೆ ಡಾಟ್ ಇಎನ್‌ವಿ ಇವೆಲ್ಲ ಎರಡನೆಯ ಕಮಿಟ್ ಆಗಲಿ. ವರ್ಷ ಕಳೆದ ಮೇಲೆ ವೀಟ್‌ನ ಹೊಸ ಆವೃತ್ತಿಗೆ ಹೋಗಬೇಕಾದಾಗ, ಬೇರೊಂದು ಫೋಲ್ಡರಿನಲ್ಲಿ ಅದೇ ಕಮಾಂಡ್ ಮತ್ತೆ ಓಡಿಸಿ, ಹೊಸ ಟೆಂಪ್ಲೇಟನ್ನು ನಿಮ್ಮ ಮೊದಲ ಕಮಿಟ್ಟಿನ ಪಕ್ಕದಲ್ಲಿಟ್ಟು ಡಿಫ್ ನೋಡಿ. ಟೆಂಪ್ಲೇಟಿನವರು ಏನು ಬದಲಿಸಿದ್ದಾರೆ ಎಂಬುದು ಸಾಲು ಸಾಲಾಗಿ ಕಾಣುತ್ತದೆ, ನಿಮಗೆ ಬೇಕಾದಷ್ಟನ್ನು ತೆಗೆದುಕೊಳ್ಳಬಹುದು.